ಮನೆ ಕಂಪ್ಯೂಟರಿಗೆ ಯಾವ ಆಂಟಿವೈರಸ್? ದುಡ್ಡು ಕೊಡೋ ಮೊದಲು ಇಷ್ಟು ನೋಡಿ

ಕಳೆದ ತಿಂಗಳು ಶಿವಮೊಗ್ಗದಿಂದ ಅತ್ತಿಗೆ ಫೋನ್ ಮಾಡಿದ್ದರು. ಲ್ಯಾಪ್‌ಟಾಪ್ ಪರದೆಯ ಬಲಗಡೆ ಮೂಲೆಯಲ್ಲಿ ಕೆಂಪು ಡಬ್ಬಿಯೊಂದು ದಿನಕ್ಕೆ ನಾಲ್ಕು ಸಲ ಎದ್ದು ಬಂದು 'ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ' ಅಂತ ಹೆದರಿಸುತ್ತಿದೆ, ಏನು ಮಾಡಲಿ ಅಂದರು. ಲ್ಯಾಪ್‌ಟಾಪ್ ಜೊತೆಗೇ ಬಂದಿದ್ದ ಟ್ರಯಲ್ ಆಂಟಿವೈರಸ್ ಅದು. ಅವಧಿ ಮುಗಿದಿತ್ತು. ನನಗೆ ಫೋನ್ ಮಾಡುವ ಹೊತ್ತಿಗೆ ಅವರು ಇನ್ನೂ ಮೂರು ಕಡೆ ಕೇಳಿಯಾಗಿತ್ತು. ರಿಪೇರಿ ಅಂಗಡಿಯವನು 'ಕ್ವಿಕ್ ಹೀಲ್ ಹಾಕಿಸಿ ಮೇಡಂ' ಅಂದಿದ್ದ. ಆಫೀಸಿನ ಗೆಳತಿ 'ಅವಾಸ್ಟ್ ಫ್ರೀ ಸಿಗುತ್ತಲ್ಲ, ದುಡ್ಡು ಯಾಕೆ ಕೊಡ್ತೀರಿ' ಅಂದಿದ್ದಳು. ಇಂಜಿನಿಯರಿಂಗ್ ಓದುವ ಮಗ 'ಡಿಫೆಂಡರ್ ಇದೆ, ಸುಮ್ನಿರಮ್ಮ' ಅಂದಿದ್ದ.

ಮೂವರಲ್ಲಿ ಯಾರೂ ಪೂರ್ತಿ ತಪ್ಪು ಹೇಳಿರಲಿಲ್ಲ. ತಲೆಬಿಸಿ ಆಗುವುದೇ ಅದಕ್ಕೆ. ನಾನು ಯಾವ ಹೆಸರೂ ಹೇಳದೆ ಮೊದಲು ಕೆಲವು ಪ್ರಶ್ನೆ ಕೇಳಿದೆ. ನೀವೂ ಅಲ್ಲಿಂದಲೇ ಶುರು ಮಾಡಿ.

ಮೊದಲು ನಿಮ್ಮ ಮನೆಯ ಕಥೆ

ಕಂಪ್ಯೂಟರ್ ಮುಂದೆ ಯಾರು ಕೂರುತ್ತಾರೆ? ಒಬ್ಬರೇ ಬಳಸಿ, ಬ್ಯಾಂಕು, ಮೇಲ್, ಯೂಟ್ಯೂಬ್ ಅಷ್ಟೇ ನೋಡುವ ಯಂತ್ರ ಒಂದು ಥರ. ಎಂಟನೇ ಕ್ಲಾಸಿನ ಹುಡುಗ ಗೇಮಿಗೆ 'ಮಾಡ್' ಬೇಕು ಅಂತ ಎಲ್ಲೆಲ್ಲಿಂದಲೋ ಇಳಿಸಿಕೊಳ್ಳುವ ಯಂತ್ರವೇ ಬೇರೆ. ಮನೆಯಲ್ಲಿ ವಯಸ್ಸಾದವರಿದ್ದು, ಬಂದ ಲಿಂಕ್ ಎಲ್ಲ ಒತ್ತುವ ಅಭ್ಯಾಸ ಇದ್ದರೆ ಅದು ಮೂರನೇ ಥರ.

ಫೈಲುಗಳು ಎಲ್ಲಿಂದ ಬರುತ್ತವೆ? ನಮ್ಮ ಕಡೆ ಇದು ದೊಡ್ಡ ಪ್ರಶ್ನೆ. ಒಮ್ಮೆ ಮಗಳ ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ಹಾಕಿಸಲು ಕಾಲೇಜ್ ಎದುರಿನ ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟಿದ್ದೆ. ಮನೆಗೆ ಬಂದು ಹಾಕಿ ನೋಡಿದರೆ ಒಳಗಿದ್ದ ಫೋಲ್ಡರ್‌ಗಳೆಲ್ಲ ಮೂಲೆಯಲ್ಲಿ ಸಣ್ಣ ಬಾಣದ ಗುರುತು ಹೊತ್ತುಕೊಂಡು, ಒಂದೆರಡು ಕೆಬಿಯ ಶಾರ್ಟ್‌ಕಟ್ ಆಗಿ ಕೂತಿದ್ದವು. ಎಲ್ಲ ಹೋಯ್ತು ಅಂತ ಮನೆಯಲ್ಲಿ ಅಳು. ಏನೂ ಹೋಗಿರಲಿಲ್ಲ. ಈ ಜಾತಿಯ ವೈರಸ್ ಅಸಲಿ ಫೋಲ್ಡರನ್ನು ಬಚ್ಚಿಟ್ಟು, ಅದೇ ಹೆಸರಿನ ಶಾರ್ಟ್‌ಕಟ್ ಮುಂದಿಡುತ್ತದೆ. ಅದನ್ನು ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ಹಿಂದಿನಿಂದ ವೈರಸ್ಸೂ ಓಡುತ್ತದೆ. ಆದ್ದರಿಂದ ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ, ಮುಂದಿನ ಸಲ ಹಾಕುವ ಪೆನ್‌ಡ್ರೈವಿಗೂ ಹತ್ತಿಸಿಬಿಡುತ್ತಾರೆ. ನಿಮ್ಮ ಮನೆಯ ಪೆನ್‌ಡ್ರೈವ್ ಸೈಬರ್ ಸೆಂಟರ್, ಜೆರಾಕ್ಸ್ ಅಂಗಡಿ, ಆಫೀಸು ಎಲ್ಲ ಸುತ್ತಿ ಬರುತ್ತದೆಯೇ? ಹಾಗಿದ್ದರೆ ಈ ಅಂಶಕ್ಕೆ ಜಾಸ್ತಿ ತೂಕ ಕೊಡಿ.

ಯಂತ್ರಕ್ಕೆ ಎಷ್ಟು ವಯಸ್ಸು? ಆಂಟಿವೈರಸ್ ಅಂದರೆ ನೀವು ತೆರೆಯುವ ಪ್ರತಿ ಫೈಲನ್ನೂ ಬಾಗಿಲಲ್ಲಿ ತಡೆದು ನೋಡುವ ಕಾವಲುಗಾರ. 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್ ಇರುವ ಹಳೇ ಯಂತ್ರದಲ್ಲಿ ಈ ಕಾವಲುಗಾರನೇ ಬಾಗಿಲಿಗೆ ಅಡ್ಡ ಮಲಗಿಬಿಡುತ್ತಾನೆ. ಟಾಸ್ಕ್ ಮ್ಯಾನೇಜರ್ ತೆರೆದು ಡಿಸ್ಕ್ ಅನ್ನೋ ಸಾಲು ನೋಡಿ. ಏನೂ ಮಾಡದಿದ್ದರೂ ಅದು ನೂರರ ಹತ್ತಿರವೇ ನಿಂತಿದ್ದರೆ ಭಾರದ ಆಂಟಿವೈರಸ್ ನಿಮಗಲ್ಲ. ಅಂಥ ಯಂತ್ರಕ್ಕೆ ಆಂಟಿವೈರಸ್ ಬದಲಾಯಿಸುವುದಕ್ಕಿಂತ ಒಂದು ಎಸ್‌ಎಸ್‌ಡಿ (ತಿರುಗದ, ವೇಗದ ಡಿಸ್ಕ್) ಹಾಕಿಸಿದರೆ ಜಾಸ್ತಿ ಸುಖ ಸಿಗುತ್ತದೆ. ಇದು ಕೇಳದೆ ಕೊಟ್ಟ ಸಲಹೆ.

ನೆಟ್ ಯಾವಾಗಲೂ ಇರುತ್ತದೆಯೇ? ಈಗಿನ ಆಂಟಿವೈರಸ್‌ಗಳು ಗುಮಾನಿ ಬಂದ ಫೈಲನ್ನು ಕಂಪನಿಯ ಸರ್ವರಿಗೆ ಕೇಳಿ ತೀರ್ಮಾನ ಮಾಡುತ್ತವೆ. ಬೆಂಗಳೂರಿನ ಫೈಬರ್ ಮನೆಯಲ್ಲಿ ಇದರ ಯೋಚನೆ ಬೇಡ. ಮಳೆಗಾಲದಲ್ಲಿ ಮೂರು ದಿನ ನೆಟ್ ಇಲ್ಲದ ಮಲೆನಾಡಿನ ಮನೆಯಲ್ಲಿ, ಹೊರಗಿನಿಂದ ಬಂದ ಪೆನ್‌ಡ್ರೈವ್ ಹಾಕುವಾಗ ಬೇಕು.

ಕೊನೆಯದು ದುಡ್ಡು. ಮೊದಲ ವರ್ಷದ ಬೆಲೆ ನೋಡಬೇಡಿ, ಎರಡನೇ ವರ್ಷದ್ದು ನೋಡಿ. ಕಂಪನಿಗಳ ಸಂಪಾದನೆ ಎಲ್ಲ ಅಲ್ಲೇ. 'ಇವತ್ತೊಂದೇ ದಿನ' ಅಂತ ಅರ್ಧ ಬೆಲೆಗೆ ಕೊಟ್ಟು, ವರ್ಷ ಕಳೆದ ಮೇಲೆ ಪೂರ್ತಿ ಬೆಲೆ ಕಾರ್ಡಿನಿಂದ ತಾನಾಗಿ ಕತ್ತರಿಸಿಕೊಳ್ಳುವುದು ಈ ವ್ಯಾಪಾರದ ಹಳೇ ಪಟ್ಟು. ನಮ್ಮಲ್ಲಿ ಒಂದು ಅನುಕೂಲ ಇದೆ. ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರಿನಿಂದ ಜಾರಿಯಲ್ಲಿರುವುದರಿಂದ, ಇಂಥ ಪಾವತಿಗೆ 24 ಗಂಟೆ ಮುಂಚೆ ಬ್ಯಾಂಕು ನಿಮಗೆ ತಿಳಿಸಲೇಬೇಕು. ಆ ಮೆಸೇಜನ್ನು ಓದದೆ ಅಳಿಸಬೇಡಿ.

ಡಿಫೆಂಡರ್: ಮನೆಯಲ್ಲೇ ಇರುವ ಕಾವಲುಗಾರ

ವಿಂಡೋಸ್ 10 ಅಥವಾ 11 ಇದ್ದರೆ ಮೈಕ್ರೋಸಾಫ್ಟ್ ಡಿಫೆಂಡರ್ ಅದರೊಳಗೇ ಇದೆ. ಬೇರೆ ದುಡ್ಡಿಲ್ಲ, ಕೀ ಇಲ್ಲ, ರಿನ್ಯೂವಲ್ ಇಲ್ಲ. 'ಅದರಲ್ಲೇನಿದೆ ಸಾರ್' ಅನ್ನುವ ಅಂಗಡಿಯವರು ಇನ್ನೂ ಇದ್ದಾರೆ. ಅದಕ್ಕೆ ಕಾರಣವೂ ಇದೆ. ವಿಂಡೋಸ್ 7ರ ಕಾಲದಲ್ಲಿ ಡಿಫೆಂಡರ್ ಅನ್ನುವ ಹೆಸರಿನಲ್ಲಿ ಇದ್ದದ್ದು ಬರೀ ಸ್ಪೈವೇರ್ (ಗುಟ್ಟಾಗಿ ಮಾಹಿತಿ ಕದಿಯುವ ಸಾಫ್ಟ್‌ವೇರ್) ಹಿಡಿಯುವ ಸಾಧನ. ಅದು ಪೂರ್ತಿ ಆಂಟಿವೈರಸ್ ಆದದ್ದು 2012ರಲ್ಲಿ, ವಿಂಡೋಸ್ 8 ಬಂದಾಗ. ಆಮೇಲೂ ಕೆಲವು ವರ್ಷ ಪರೀಕ್ಷೆಗಳಲ್ಲಿ ಹಿಂದಿನ ಬೆಂಚಲ್ಲೇ ಕೂತಿತ್ತು. ಈಗ ಹಾಗಿಲ್ಲ.

ಪರೀಕ್ಷೆ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪೇರೆಟಿವ್ಸ್ ಅಂತ ಎರಡು ಲ್ಯಾಬ್‌ಗಳಿವೆ. ಎವಿ-ಟೆಸ್ಟ್‌ನವರು ರಕ್ಷಣೆ, ವೇಗ, ಬಳಕೆಯ ಸುಲಭ ಮೂರಕ್ಕೂ ಆರಾರು ಅಂಕ ಕೊಡುತ್ತಾರೆ, ಒಟ್ಟು 18. ಡಿಫೆಂಡರ್ ಸೇರಿದಂತೆ ಹೆಸರಾಂತ ಆಂಟಿವೈರಸ್‌ಗಳು ಹೆಚ್ಚಾಗಿ 17.5 ಅಥವಾ 18ರಲ್ಲೇ ನಿಲ್ಲುತ್ತವೆ. ಹಾಗಾಗಿ 'ನಮಗೆ 18ಕ್ಕೆ 18' ಅನ್ನುವ ಜಾಹೀರಾತಿಗೆ ಮರುಳಾಗುವುದರಲ್ಲಿ ಅರ್ಥವಿಲ್ಲ, ಪಕ್ಕದವನಿಗೂ ಅಷ್ಟೇ ಬಂದಿರುತ್ತದೆ. ಎವಿ-ಕಂಪೇರೆಟಿವ್ಸ್‌ನ ವರದಿಯಲ್ಲಿ ಎರಡು ವಿಷಯ ಮಾತ್ರ ಹುಡುಕಿ. ಒಂದು, ಯಂತ್ರವನ್ನು ಎಷ್ಟು ನಿಧಾನ ಮಾಡುತ್ತದೆ ಅನ್ನುವುದು. ಇನ್ನೊಂದು, ನೆಟ್ ಇಲ್ಲದಾಗ ಎಷ್ಟು ಹಿಡಿಯುತ್ತದೆ ಅನ್ನುವುದು.

ಡಿಫೆಂಡರ್ ಕೊಂಚ ಸೋಲುವುದು ಈ ಎರಡರಲ್ಲೇ. ನೆಟ್ ಇದ್ದಾಗ ಹುಲಿ, ನೆಟ್ ತೆಗೆದರೆ ಅಷ್ಟು ಚುರುಕಿಲ್ಲ. ಸಾವಿರಾರು ಸಣ್ಣ ಫೈಲುಗಳನ್ನು ಕಾಪಿ ಮಾಡುವಾಗ ಎಳೆದಾಡುತ್ತದೆ. ಮದುವೆ ಫೋಟೊಗಳ ಹಾರ್ಡ್ ಡಿಸ್ಕನ್ನು ಹಳೇ ಲ್ಯಾಪ್‌ಟಾಪಿಗೆ ಸುರಿಯುವಾಗ ಎದ್ದು ಹೋಗಿ ಕಾಫಿ ಕುಡಿದು ಬನ್ನಿ.

ಮೂರನೇ ಕೊರತೆ ಬ್ರೌಸರಿನದು. ಮೋಸದ ಜಾಲತಾಣ ತಡೆಯುವ ಸ್ಮಾರ್ಟ್‌ಸ್ಕ್ರೀನ್ ಮುಖ್ಯವಾಗಿ ಎಡ್ಜ್‌ನಲ್ಲಿ ಕೆಲಸ ಮಾಡುತ್ತದೆ. ನಾವೆಲ್ಲ ಬಳಸುವುದು ಕ್ರೋಮ್. ಕ್ರೋಮ್‌ಗೆ ಗೂಗಲ್‌ನದೇ ಸೇಫ್ ಬ್ರೌಸಿಂಗ್ ಇದೆ, ಹಾಗಾಗಿ ಬಾಗಿಲು ಪೂರ್ತಿ ತೆರೆದಿಲ್ಲ.

ಡಿಫೆಂಡರ್‌ನಲ್ಲಿ ಬಹಳ ಜನ ಮುಟ್ಟದ ಒಂದು ಗುಂಡಿ ಇದೆ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ವಿಭಾಗಕ್ಕೆ ಹೋಗಿ, ಕೆಳಗೆ ಇಳಿದರೆ ರಾನ್ಸಮ್‌ವೇರ್ ಪ್ರೊಟೆಕ್ಷನ್ ಅಂತ ಸಿಗುತ್ತದೆ. ನಿಮ್ಮ ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು ದುಡ್ಡು ಕೇಳುವ ವೈರಸ್ಸೇ ರಾನ್ಸಮ್‌ವೇರ್. ಅದರೊಳಗಿನ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಆಫ್ ಆಗಿಯೇ ಬಂದಿರುತ್ತದೆ. ಆನ್ ಮಾಡಿದರೆ ಗುರುತಿಲ್ಲದ ಯಾವ ಪ್ರೋಗ್ರಾಮೂ ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳ ಫೈಲನ್ನು ಬದಲಾಯಿಸಲು ಆಗುವುದಿಲ್ಲ. ಬೇರೆ ಕಂಪನಿಗಳು 'ರಾನ್ಸಮ್‌ವೇರ್ ಶೀಲ್ಡ್' ಅಂತ ಹೆಸರಿಟ್ಟು ಮಾರುವುದು ಹೆಚ್ಚು ಕಡಿಮೆ ಇದೇ ಕೆಲಸ. ಕಿರಿಕಿರಿಯೂ ಇದೆ: ಹಳೇ ಲೆಕ್ಕಪತ್ರದ ಸಾಫ್ಟ್‌ವೇರ್, ಹಳೇ ಗೇಮು ಫೈಲ್ ಉಳಿಸಲು ಹೋದರೆ ತಡೆಯುತ್ತದೆ. ಆಗ ಅದೇ ಪುಟದಲ್ಲಿ ಆ ಪ್ರೋಗ್ರಾಮಿಗೆ ಒಮ್ಮೆ ಅನುಮತಿ ಕೊಡಬೇಕು. ಮೊದಲ ವಾರ ನಾಲ್ಕೈದು ಸಲ ಗೊಣಗಿಕೊಳ್ಳುತ್ತೀರಿ, ಆಮೇಲೆ ಮರೆತೇಹೋಗುತ್ತದೆ.

ನನ್ನ ಮಾತು ಕೇಳಿದರೆ, ವಿಂಡೋಸ್ 11 ಇದ್ದು, ನೆಟ್ ಚೆನ್ನಾಗಿದ್ದು, ಕಂಡದ್ದೆಲ್ಲ ಇಳಿಸಿಕೊಳ್ಳದ ಮನೆಗೆ ಇಷ್ಟು ಸಾಕು. ದುಡ್ಡು ಕೊಡಲು ನಿರ್ದಿಷ್ಟ ಕಾರಣ ಬೇಕು. 'ಹೆದರಿಕೆ' ಅನ್ನುವುದು ಕಾರಣ ಅಲ್ಲ.

ನಮ್ಮ ದೇಶದವು: ಕ್ವಿಕ್ ಹೀಲ್, ಕೆ7, ಇಸ್ಕ್ಯಾನ್

ಕ್ವಿಕ್ ಹೀಲ್ ಪುಣೆಯದು. ಕೈಲಾಶ್ ಕಾಟ್ಕರ್, ಸಂಜಯ್ ಕಾಟ್ಕರ್ ಅನ್ನುವ ಅಣ್ಣತಮ್ಮಂದಿರು ರಿಪೇರಿ ಅಂಗಡಿಯಿಂದ ಬೆಳೆಸಿದ ಕಂಪನಿ. ಕೆ7 ಚೆನ್ನೈನದು, 90ರ ದಶಕದ ಆರಂಭದಿಂದಲೂ ಇದೆ. ಇಸ್ಕ್ಯಾನ್ ಮುಂಬೈಯ ಮೈಕ್ರೋವರ್ಲ್ಡ್ ಕಂಪನಿಯದು.

ಇವುಗಳ ದೊಡ್ಡ ಬಲ ಸಾಫ್ಟ್‌ವೇರ್‌ಗಿಂತ ಅಂಗಡಿ ಅನ್ನಬಹುದು. ತಾಲೂಕು ಊರಿನ ಕಂಪ್ಯೂಟರ್ ಅಂಗಡಿಯಲ್ಲೂ ಡಬ್ಬಿ ಸಿಗುತ್ತದೆ, ಹಾಕಿಕೊಡುವವರು ಸಿಗುತ್ತಾರೆ, ಏನಾದರೂ ಆದರೆ ಯಂತ್ರ ಹೊತ್ತುಕೊಂಡು ಹೋಗಿ ತೋರಿಸಬಹುದು. ಮಕ್ಕಳು ಬೇರೆ ಊರಲ್ಲಿದ್ದು, ಅಪ್ಪ ಅಮ್ಮ ಇಬ್ಬರೇ ಇರುವ ಮನೆಗೆ ಈ ಅನುಕೂಲ ಸಣ್ಣದಲ್ಲ. ಪೆನ್‌ಡ್ರೈವ್ ಹಾಕಿದ ಕೂಡಲೇ 'ಸ್ಕ್ಯಾನ್ ಮಾಡಲಾ' ಅಂತ ಕೇಳುವ ಸೌಲಭ್ಯವನ್ನು ಇವು ಮೊದಲಿನಿಂದಲೂ ಮುಂದಿಟ್ಟಿವೆ. ನಮ್ಮ ಜೆರಾಕ್ಸ್ ಅಂಗಡಿ ಸಂಸ್ಕೃತಿಗೆ ಹೇಳಿ ಮಾಡಿಸಿದ ಹಾಗೆ.

ಕ್ವಿಕ್ ಹೀಲ್‌ನಲ್ಲಿ ಮೂರು ಮೆಟ್ಟಿಲು: ಆಂಟಿವೈರಸ್ ಪ್ರೊ, ಇಂಟರ್ನೆಟ್ ಸೆಕ್ಯುರಿಟಿ, ಟೋಟಲ್ ಸೆಕ್ಯುರಿಟಿ. ಅಂಗಡಿಯವರು ಕೈಗೆ ಕೊಡುವುದು ಮೇಲಿನದನ್ನೇ. ಮನೆಯಲ್ಲಿ ಮಕ್ಕಳಿದ್ದು ಅವರ ನೆಟ್ ಬಳಕೆಗೆ ಕಡಿವಾಣ ಬೇಕು ಅಂದರೆ ಮೇಲಿನ ಮೆಟ್ಟಿಲು ನೋಡಿ. ಇಲ್ಲದಿದ್ದರೆ ಕೆಳಗಿನದರಲ್ಲೇ ವೈರಸ್ ಹಿಡಿಯುವ ಮುಖ್ಯ ಕೆಲಸ ಆಗುತ್ತದೆ. ಹಳೇ ಯಂತ್ರಕ್ಕೆ ನಾನು ಕೆ7 ಕಡೆ ವಾಲುತ್ತೇನೆ. ವೇಗದ ಪರೀಕ್ಷೆಗಳಲ್ಲಿ ಹಗುರ ಅನ್ನಿಸಿಕೊಂಡವುಗಳ ಸಾಲಿನಲ್ಲಿ ಅದು ವರ್ಷಗಳಿಂದ ಇದೆ. ಒಂದೇ ಕಂಪ್ಯೂಟರಿನ ಮೊದಲ ಮೆಟ್ಟಿಲಿನ ಪ್ಯಾಕ್ ಒಂದು ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಮೂರು ವರ್ಷದ್ದು ತಗೊಂಡರೆ ವರ್ಷಕ್ಕೆ ಬೀಳುವ ಲೆಕ್ಕ ಇನ್ನೂ ಇಳಿಯುತ್ತದೆ. ಆದರೆ ಆರು ವರ್ಷ ಹಳೆಯ ಯಂತ್ರಕ್ಕೆ ಮೂರು ವರ್ಷದ ಚಂದಾ ತಗೋಬೇಡಿ, ಯಾವುದು ಮೊದಲು ಮುಗಿಯುತ್ತೋ ಹೇಳಲಾಗದು.

ಇಸ್ಕ್ಯಾನ್ ಬಗ್ಗೆ ಒಂದು ಸಂಗತಿ ಗೊತ್ತಿರಲಿ. ಅದರ ಅಪ್‌ಡೇಟ್ ಭದ್ರವಲ್ಲದ ಹಾದಿಯಲ್ಲಿ ಬರುತ್ತಿತ್ತು, ದಾರಿಯಲ್ಲೇ ಅದನ್ನು ಬದಲಿಸಿ ಹ್ಯಾಕರ್‌ಗಳು 'ಗುಪ್ಟಿಮೈನರ್' ಅನ್ನುವ ಮಾಲ್‌ವೇರ್ (ಕೇಡು ಮಾಡುವ ಸಾಫ್ಟ್‌ವೇರ್) ಸೇರಿಸುತ್ತಿದ್ದರು ಅಂತ 2024ರ ಏಪ್ರಿಲ್‌ನಲ್ಲಿ ಅವಾಸ್ಟ್‌ನ ಸಂಶೋಧಕರು ಬಯಲು ಮಾಡಿದರು. ಅಷ್ಟರೊಳಗೆ ಕಂಪನಿ ಅದನ್ನು ಸರಿ ಮಾಡಿತ್ತು. ಇವರೊಬ್ಬರದೇ ಕಥೆ ಅಂತ ಹೇಳುತ್ತಿಲ್ಲ. ಆಂಟಿವೈರಸ್ ಅಂದರೆ ಮನೆಯ ಎಲ್ಲ ಬೀಗದ ಕೀಲಿಯೂ ಇರುವ ಕಾವಲುಗಾರ. ಅವನೇ ಮೈಮರೆತರೆ ಆಗುವ ನಷ್ಟ ದೊಡ್ಡದು. ಎರಡೆರಡು ಆಂಟಿವೈರಸ್ ಹಾಕಿಕೊಳ್ಳುವವರು ಇದನ್ನು ನೆನಪಿಡಬೇಕು. ಎರಡು ಹಾಕಿದರೆ ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರುತ್ತದೆ, ಯಂತ್ರ ತೆವಳುತ್ತದೆ, ಅಪಾಯದ ಬಾಗಿಲೂ ಎರಡಾಗುತ್ತದೆ.

ಹೊರಗಿನವು

ಬಿಟ್‌ಡಿಫೆಂಡರ್ ರೊಮೇನಿಯಾದ್ದು. ಹಿಡಿಯುವ ತಾಕತ್ತಿನಲ್ಲಿ ಮೊದಲ ಸಾಲು. ನೆಟ್ ಇಲ್ಲದಾಗಲೂ ಚೆನ್ನಾಗಿ ಹಿಡಿಯುತ್ತದೆ. ಬ್ಯಾಂಕ್ ವ್ಯವಹಾರಕ್ಕೆ ಪ್ರತ್ಯೇಕ ಬ್ರೌಸರ್ ಕೊಡುತ್ತದೆ. ಮಕ್ಕಳ ಗೇಮ್ ಡೌನ್‌ಲೋಡ್ ಜಾಸ್ತಿ ಇರುವ, ಯಂತ್ರವೂ ಗಟ್ಟಿ ಇರುವ ಮನೆಗೆ ದುಡ್ಡು ಕೊಡುವುದಾದರೆ ಇದನ್ನು ನೋಡಿ. ಇಎಸ್‌ಇಟಿ ಸ್ಲೊವಾಕಿಯಾದ್ದು. ಹಗುರ, ಮಾತು ಕಡಿಮೆ, ಜಾಹೀರಾತು ಎಬ್ಬಿಸುವುದಿಲ್ಲ. ಸೆಟ್ಟಿಂಗ್ ಪುಟಗಳು ಮಾತ್ರ ಇಂಜಿನಿಯರ್‌ಗಳಿಗೆ ಬರೆದಂತಿವೆ.

ಕ್ಯಾಸ್ಪರ್‌ಸ್ಕಿ ವಿಷಯ ಸ್ವಲ್ಪ ನಾಜೂಕು. ಪರೀಕ್ಷೆಗಳಲ್ಲಿ ಅದು ಸದಾ ಮೇಲೆಯೇ. ಆದರೆ ರಷ್ಯಾದ ಕಂಪನಿ. 2022ರ ಮಾರ್ಚ್‌ನಲ್ಲಿ ಜರ್ಮನಿಯ ಸೈಬರ್ ಭದ್ರತಾ ಸಂಸ್ಥೆ ಇದನ್ನು ಬಳಸಬೇಡಿ ಅಂತ ಎಚ್ಚರಿಸಿತು. ಅಮೆರಿಕ 2024ರ ಜುಲೈ 20ರಿಂದ ಹೊಸ ಮಾರಾಟವನ್ನೇ ನಿಲ್ಲಿಸಿತು, ಸೆಪ್ಟೆಂಬರ್ 29ರಿಂದ ಅಪ್‌ಡೇಟ್ ಕೂಡ ಬಂದ್. ಸಾಫ್ಟ್‌ವೇರ್ ಇಂಥ ತಪ್ಪು ಮಾಡಿದೆ ಅಂತ ಸಾಬೀತು ಮಾಡಿ ಹೇರಿದ ನಿಷೇಧ ಅಲ್ಲ ಅದು, ಮುಂದೆ ರಷ್ಯಾ ಸರ್ಕಾರ ಒತ್ತಡ ಹಾಕಿದರೆ ಅನ್ನುವ ಆತಂಕ. ಭಾರತದಲ್ಲಿ ಮನೆ ಬಳಕೆಗೆ ಸಿಗುತ್ತದೆ, ಬೆಲೆಯೂ ಹೆಚ್ಚಲ್ಲ. ಮನಸ್ಸಿಗೆ ಒಪ್ಪಿದರೆ ತಗೊಳ್ಳಿ. ಅಮೆರಿಕದಲ್ಲಿ ಮಗನ ಮನೆಗೆ ಆರು ತಿಂಗಳು ಹೋಗುವವರು ಇದಿರುವ ಲ್ಯಾಪ್‌ಟಾಪ್ ಒಯ್ಯುವುದಾದರೆ, ಹೊರಡುವ ಮುಂಚೆ ತೆಗೆಸಿ ಹೋಗುವುದು ಸುಲಭ.

ನಾರ್ಟನ್, ಮ್ಯಾಕಫಿ ಈಗ ಬರೀ ಆಂಟಿವೈರಸ್ ಅಲ್ಲ, ಪೂರ್ತಿ ಊಟದ ತಟ್ಟೆ. ವಿಪಿಎನ್, ಪಾಸ್‌ವರ್ಡ್ ಮ್ಯಾನೇಜರ್ ಎಲ್ಲ ಬಡಿಸುತ್ತಾರೆ. ಐದಾರು ಫೋನು, ಲ್ಯಾಪ್‌ಟಾಪ್ ಇರುವ ಮನೆಗೆ ಲೆಕ್ಕ ಹಾಕಿದರೆ ಗಿಟ್ಟಬಹುದು. ಒಂದೇ ಯಂತ್ರಕ್ಕೆ ತಗೊಂಡರೆ ಅರ್ಧ ಊಟ ಎಲೆಯಲ್ಲೇ ಉಳಿಯುತ್ತದೆ.

ಪುಕ್ಕಟೆ ಸಿಗುವವು

ಅತ್ತಿಗೆಯ ಗೆಳತಿ ಹೇಳಿದ ಅವಾಸ್ಟ್‌ಗೆ ಬರೋಣ. ವೈರಸ್ ಹಿಡಿಯುವುದರಲ್ಲಿ ಅದು ಕಡಿಮೆಯಲ್ಲ. ಪ್ರಶ್ನೆ ಬೇರೆ: ಪುಕ್ಕಟೆ ಕೊಟ್ಟು ಕಂಪನಿ ಬದುಕುವುದು ಹೇಗೆ? ಅವಾಸ್ಟ್‌ನ ಅಂಗಸಂಸ್ಥೆ ಜಂಪ್‌ಶಾಟ್, ಬಳಕೆದಾರರು ಯಾವ ಯಾವ ಜಾಲತಾಣ ನೋಡಿದರು ಅನ್ನುವ ವಿವರವನ್ನು ಮಾರುತ್ತಿತ್ತು ಅನ್ನುವುದು 2020ರ ಜನವರಿಯಲ್ಲಿ ಸುದ್ದಿಯಾಯಿತು. ಕಂಪನಿ ಆ ಅಂಗಡಿಯನ್ನು ಮುಚ್ಚಿತು. ಅಮೆರಿಕದ ಗ್ರಾಹಕ ರಕ್ಷಣೆಯ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2024ರಲ್ಲಿ 165 ಲಕ್ಷ ಡಾಲರ್ ಕಟ್ಟಿಸಿತು. ಕಾವಲಿಗೆ ಇಟ್ಟವನೇ ಮನೆಗೆ ಯಾರು ಬಂದರು, ಹೋದರು ಅಂತ ಊರಿಗೆಲ್ಲ ಹೇಳಿದ ಹಾಗಾಯ್ತಲ್ವಾ?

'ಹಾಗಾದರೆ ಎವಿಜಿ ಹಾಕ್ತೀನಿ' ಅನ್ನುವವರಿಗೆ ಒಂದು ಮಾತು. ಎವಿಜಿಯನ್ನು ಅವಾಸ್ಟ್ 2016ರಲ್ಲೇ ಕೊಂಡಿತು. ಅವಾಸ್ಟ್ 2022ರಲ್ಲಿ ನಾರ್ಟನ್ ಜೊತೆ ಸೇರಿತು. ಅವಿರಾ ಕೂಡ ಅದೇ ಮನೆಯಲ್ಲಿದೆ. ಎಲ್ಲದರ ಯಜಮಾನ ಈಗ ಜೆನ್ ಡಿಜಿಟಲ್. ಬೋರ್ಡು ನಾಲ್ಕು, ಗಲ್ಲಾಪೆಟ್ಟಿಗೆ ಒಂದೇ.

ಬಿಟ್‌ಡಿಫೆಂಡರ್, ಕ್ಯಾಸ್ಪರ್‌ಸ್ಕಿ ಕಂಪನಿಗಳದೂ ಪುಕ್ಕಟೆ ಆವೃತ್ತಿ ಇವೆ. ಹೊರಗಿನ ಪುಕ್ಕಟೆಯೇ ಬೇಕು ಅಂದರೆ ನಾನು ಬಿಟ್‌ಡಿಫೆಂಡರ್ ಫ್ರೀ ಕಡೆ ಕೈ ತೋರಿಸುತ್ತೇನೆ. ಆದರೆ ನೀವೇ ಯೋಚನೆ ಮಾಡಿ: ಡಿಫೆಂಡರ್ ಕೂಡ ಪುಕ್ಕಟೆ, 'ಅಪ್‌ಗ್ರೇಡ್ ಮಾಡಿ' ಅಂತ ಬೆನ್ನು ಹತ್ತುವುದಿಲ್ಲ. ಪುಕ್ಕಟೆಗೆ ಪುಕ್ಕಟೆ ಬದಲಾಯಿಸಿ ಸಿಗುವ ಲಾಭ ಬಹಳ ಸಣ್ಣದು, ಡಿಫೆಂಡರ್ ನಿಮ್ಮ ಯಂತ್ರದಲ್ಲಿ ತೀರಾ ಭಾರ ಅನ್ನಿಸಿದರೆ ಮಾತ್ರ ಆ ಕಡೆ ನೋಡಿ.

ಸಾಲಿನಲ್ಲಿ ಎರಡು ಬೇರೆ ಜಾತಿಯವು ಇವೆ. ಮಾಲ್‌ವೇರ್‌ಬೈಟ್ಸ್‌ನ ಪುಕ್ಕಟೆ ಆವೃತ್ತಿ ಸದಾ ಕಾವಲು ಕಾಯುವುದಿಲ್ಲ, ಕರೆದಾಗ ಬಂದು ನೋಡಿ ಹೋಗುತ್ತದೆ. ಡೌಟು ಬಂದಾಗ ಎರಡನೇ ಡಾಕ್ಟರಿಗೆ ತೋರಿಸಿದ ಹಾಗೆ, ಡಿಫೆಂಡರ್ ಜೊತೆಗೂ ಇಟ್ಟುಕೊಳ್ಳಬಹುದು. ಇನ್ನೊಂದು, ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ. 2017ರಲ್ಲಿ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ ಶುರು ಮಾಡಿದ್ದು. ಯಂತ್ರಕ್ಕೆ ಹೊಕ್ಕ ಬಾಟ್‌ಗಳನ್ನು (ದೂರದಿಂದ ಬೇರೆಯವರು ಆಡಿಸುವ ಕೇಡಿನ ಸಾಫ್ಟ್‌ವೇರ್) ತೆಗೆಯುವ ಸಾಧನಗಳು ಅಲ್ಲಿ ಪುಕ್ಕಟೆ ಸಿಗುತ್ತವೆ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ

ನನಗೆ ಗೊತ್ತಿರುವ ಡಿಟಿಪಿ ಮಾಡುವವರೊಬ್ಬರ ಯಂತ್ರದಲ್ಲಿ, ಹೊಸ ಆಂಟಿವೈರಸ್ ಹಾಕಿದ ಮಾರನೇ ದಿನ ಹಳೇ ಕನ್ನಡ ಟೈಪಿಂಗ್ ಸಾಫ್ಟ್‌ವೇರೇ ಮಾಯ. ಆಂಟಿವೈರಸ್ ಅದನ್ನು ಹಿಡಿದು ಕ್ವಾರಂಟೈನ್‌ಗೆ (ಗುಮಾನಿಯ ಫೈಲುಗಳನ್ನು ಕೂಡಿಹಾಕುವ ಜಾಗ) ಹಾಕಿತ್ತು. ಗೃಹಪ್ರವೇಶದ ಪತ್ರಿಕೆ ಅವತ್ತು ಸಂಜೆ ಪ್ರೆಸ್ಸಿಗೆ ಹೋಗಬೇಕಿತ್ತು. ಆಂಟಿವೈರಸ್‌ನದು ಪೂರ್ತಿ ತಪ್ಪು ಅನ್ನೋಕಾಗಲ್ಲ. ಇಂಥ ಸಾಫ್ಟ್‌ವೇರ್ ನೀವು ಒತ್ತುವ ಪ್ರತಿ ಕೀಲಿಯನ್ನೂ ನಡುವೆ ಹಿಡಿದು ಕನ್ನಡ ಅಕ್ಷರ ಮಾಡುತ್ತದೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಮಾಡುವುದೂ ಕೀಲಿ ಹಿಡಿಯುವ ಕೆಲಸವೇ. ನೋಡಲು ಎರಡೂ ಒಂದೇ ಥರ. ಅಧಿಕೃತ ಜಾಗದಿಂದ ಇಳಿಸಿದ್ದು ಅಂತ ಖಾತ್ರಿ ಇದ್ದರೆ ಆ ಒಂದು ಪ್ರೋಗ್ರಾಮನ್ನು ಮಾತ್ರ ಎಕ್ಸ್‌ಕ್ಲೂಷನ್ ಪಟ್ಟಿಗೆ (ಇವನ್ನು ತಡೆಯಬೇಡ ಅಂತ ಹೇಳುವ ಪಟ್ಟಿ) ಸೇರಿಸಿ. 'ಕಿರಿಕಿರಿ ಬೇಡ' ಅಂತ ಇಡೀ ಸಿ ಡ್ರೈವನ್ನೇ ಸೇರಿಸಿದವರನ್ನೂ ನೋಡಿದ್ದೇನೆ. ಅದಕ್ಕಿಂತ ಆಂಟಿವೈರಸ್ ತೆಗೆದು ಹಾಕುವುದೇ ಪ್ರಾಮಾಣಿಕ.

ವಿಂಡೋಸ್ 10 ಇನ್ನೂ ಇದ್ದರೆ

ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರ ತನಕ ಭದ್ರತಾ ಅಪ್‌ಡೇಟ್ ಸಿಗುವ ಇಎಸ್‌ಯು ಅನ್ನುವ ಯೋಜನೆ ಇಟ್ಟಿತು. ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಿದರೆ ಅದಕ್ಕೆ ದುಡ್ಡೂ ಇಲ್ಲ. ಡಿಫೆಂಡರ್‌ನ ವೈರಸ್ ಪಟ್ಟಿ ಅದಾದ ಮೇಲೂ ಬರುತ್ತದೆ. ಆದರೆ ವಿಂಡೋಸ್‌ನೊಳಗಿನ ದೋಷ ಅಂದರೆ ಗೋಡೆಯ ಬಿರುಕು. ಅದನ್ನು ಮುಚ್ಚುವುದು ಭದ್ರತಾ ಅಪ್‌ಡೇಟ್, ಕಾವಲುಗಾರ ಅಲ್ಲ.

2017ರ ಮೇ ತಿಂಗಳ ವಾನ್ನಕ್ರೈ ಅನ್ನುವ ರಾನ್ಸಮ್‌ವೇರ್ ನೆನಪಿದೆಯೇ? ಯಾರೂ ಏನೂ ಒತ್ತದಿದ್ದರೂ ಯಂತ್ರದಿಂದ ಯಂತ್ರಕ್ಕೆ ಹಾರಿತು. ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಎರಡು ತಿಂಗಳ ಮುಂಚೆ, ಮಾರ್ಚ್‌ನಲ್ಲೇ ಪ್ಯಾಚ್ (ಬಿರುಕು ಮುಚ್ಚುವ ಅಪ್‌ಡೇಟ್) ಕೊಟ್ಟಿತ್ತು. ಹಾಕಿಕೊಂಡವರು ಬಚಾವ್. ಹಾಗಾಗಿ 'ವಿಂಡೋಸ್ 10 ಇದ್ದರೇನು, ದುಬಾರಿ ಆಂಟಿವೈರಸ್ ಹಾಕಿಸ್ತೀನಿ' ಅನ್ನುವುದು ಸರಿಯಾದ ಲೆಕ್ಕ ಅಲ್ಲ. ಯಂತ್ರ 11ಕ್ಕೆ ಏರುತ್ತಾ ನೋಡಿ. ಏರದಿದ್ದರೆ, ಬರೀ ಬ್ರೌಸರ್ ಬಳಸುವ ಮನೆಗೆ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ, ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಕೂಡ ದಾರಿ. ಮ್ಯಾಕ್ ಇರುವವರು ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ, ಎಕ್ಸ್‌ಪ್ರೊಟೆಕ್ಟ್ ಅನ್ನುವ ಕಾವಲು ಅದರೊಳಗೇ ಇದೆ.

ಯಾವ ಡಬ್ಬಿಯೂ ಮಾಡದ ಕೆಲಸ

ಕ್ರ್ಯಾಕ್ ಮಾಡಿದ ಆಫೀಸ್, ಫೋಟೊಶಾಪ್ ಹಾಕುವಾಗ ಮೊದಲ ಸಾಲಲ್ಲೇ ಬರೆದಿರುತ್ತಾರೆ: ಆಂಟಿವೈರಸ್ ಆಫ್ ಮಾಡಿ ಅಂತ. ನಾವು ಮಾಡುತ್ತೇವೆ. ಸ್ಟಾಪ್ ಅಥವಾ ಡಿಜೆವಿಯು ಅನ್ನುವ ರಾನ್ಸಮ್‌ವೇರ್ ಮನೆ ಕಂಪ್ಯೂಟರ್‌ಗಳಿಗೆ ಹೆಚ್ಚಾಗಿ ನುಗ್ಗಿದ್ದು ಇದೇ ದಾರಿಯಿಂದ. ಫೋಟೊಗಳ ಹೆಸರಿಗೆಲ್ಲ ಅರ್ಥವಿಲ್ಲದ ನಾಲ್ಕಕ್ಷರದ ಬಾಲ ಅಂಟುತ್ತದೆ. ಪ್ರತಿ ಫೋಲ್ಡರಲ್ಲೂ ಒಂದು ಚೀಟಿ ಇರುತ್ತದೆ: 980 ಡಾಲರ್ ಕೊಡಿ, 72 ಗಂಟೆಯೊಳಗೆ ಬಂದರೆ ಅರ್ಧಕ್ಕೆ, 490. ದರೋಡೆಯಲ್ಲೂ ಡಿಸ್ಕೌಂಟ್! ಆಮೇಲೆ ಎಷ್ಟು ಬೆಲೆಯ ಆಂಟಿವೈರಸ್ ಹಾಕಿದರೂ ಅದು ವೈರಸ್ ತೆಗೆಯುತ್ತದೆ, ಫೋಟೊ ಬಿಡಿಸಿಕೊಡುವುದಿಲ್ಲ. ಮೊದಲ ವರ್ಷದ ಚಂದಾ ದುಡ್ಡನ್ನು ಒಂದು ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ, ವಾರಕ್ಕೊಮ್ಮೆ ಕಾಪಿ ಮಾಡಿ, ಕಳಚಿ ಕಪಾಟಿನಲ್ಲಿಡಿ. ಕಳಚುವುದು ಮುಖ್ಯ. ಸಿಕ್ಕಿಸಿಯೇ ಇಟ್ಟರೆ ಅದಕ್ಕೂ ಬಾಲ ಅಂಟುತ್ತದೆ.

ಫೋನ್ ಮಾಡಿ ಓಟಿಪಿ ಕೇಳುವವನನ್ನು, 'ಡಿಜಿಟಲ್ ಅರೆಸ್ಟ್' ಅಂತ ಹೆದರಿಸುವವನನ್ನು ಕಂಪ್ಯೂಟರಿನ ಆಂಟಿವೈರಸ್ ತಡೆಯುವುದಿಲ್ಲ. ದುಡ್ಡು ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಅಷ್ಟೇ. ಆಂಟಿವೈರಸ್ ಹೆಸರಲ್ಲೇ ನಡೆಯುವ ಮೋಸವೂ ಇದೆ. 'ನಿಮ್ಮ ಚಂದಾ 399 ಡಾಲರಿಗೆ ನವೀಕರಣ ಆಗಿದೆ, ಬೇಡವಾದರೆ ಈ ನಂಬರಿಗೆ ಕರೆ ಮಾಡಿ' ಅನ್ನುವ ಥರದ ಮೇಲ್ ಅಮೆರಿಕದಲ್ಲಿರುವ ನಮ್ಮವರಿಗೂ ಬರುತ್ತದೆ. ಕರೆ ಮಾಡಿದರೆ ದುಡ್ಡು ವಾಪಸ್ ಕೊಡುವ ನೆಪದಲ್ಲಿ ಯಂತ್ರದೊಳಗೆ ಕೂರುತ್ತಾರೆ.

ಹಾಗಾದರೆ ಯಾರಿಗೆ ಯಾವುದು

ಅತ್ತಿಗೆಯ ಲ್ಯಾಪ್‌ಟಾಪ್ ವಿಂಡೋಸ್ 11, ಎರಡು ವರ್ಷ ಹಳೆಯದು, ಮನೆಗೆ ಫೈಬರ್ ಇದೆ. ಅವರಿಗೆ ಡಿಫೆಂಡರ್ ಸಾಕು ಅಂದೆ. ಅವರ ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಹಳೇ ಡೆಸ್ಕ್‌ಟಾಪ್ ಬೇರೆ ಕಥೆ. ನೆಟ್ ಮೊಬೈಲ್ ಹಾಟ್‌ಸ್ಪಾಟಿನದು, ಪೆನ್‌ಡ್ರೈವ್ ಊರೆಲ್ಲ ಸುತ್ತುತ್ತದೆ. ಅವರಿಗೆ ಕೆ7 ಒಂದು ವರ್ಷದ್ದು, ಅಂಗಡಿಯಲ್ಲೇ ಹಾಕಿಸಿ ಅಂತ ಹೇಳಿದೆ. ಅಂಗಡಿಯವರು ಕ್ವಿಕ್ ಹೀಲ್ ಮಾತ್ರ ಇಟ್ಟಿದ್ದರೆ ಅದೂ ಆಗುತ್ತದೆ, ಕೆಳಗಿನ ಮೆಟ್ಟಿಲಿನದು. ಗೇಮ್ ಆಡುವ ಇಬ್ಬರು ಹುಡುಗರಿರುವ ನನ್ನ ತಮ್ಮನ ಮನೆಗೆ ಬಿಟ್‌ಡಿಫೆಂಡರ್, ಜೊತೆಗೆ ಹುಡುಗರಿಗೆ ಅಡ್ಮಿನ್ ಅಲ್ಲದ ಬೇರೆ ಲಾಗಿನ್. ನಿಜ ಹೇಳಬೇಕೆಂದರೆ ಅಲ್ಲಿ ಜಾಸ್ತಿ ಕೆಲಸ ಮಾಡಿದ್ದು ಬೇರೆ ಲಾಗಿನ್ನೇ.

ದುಡ್ಡು ಕೊಟ್ಟು ತಗೊಳ್ಳುವವರು ಇಷ್ಟು ನೋಡಿ. ಕೀ ಯಾವ ದೇಶಕ್ಕೆ ಅಂತ ಓದಿ, ಹಲವು ಕಂಪನಿಗಳ ಭಾರತದ ಕೀ ಬೇರೆ ದೇಶದಲ್ಲಿ ಆಕ್ಟಿವೇಟ್ ಆಗುವುದಿಲ್ಲ. ಹಾಕಿದ ದಿನವೇ ಆಟೋ ರಿನ್ಯೂವಲ್ ಆಫ್ ಮಾಡಿ. ಮುಂದಿನ ವರ್ಷ ಹೊಸ ಡಬ್ಬಿ ತಗೊಂಡರೆ ರಿನ್ಯೂವಲ್‌ಗಿಂತ ಅಗ್ಗವಾಗುವುದೇ ಜಾಸ್ತಿ. ಹಳೇ ಆಂಟಿವೈರಸ್ ತೆಗೆದು, ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಿದ ಮೇಲೇ ಹೊಸದನ್ನು ಹಾಕಿ.

ಅತ್ತಿಗೆ ಅವತ್ತೇ ಸಂಜೆ ವಿಡಿಯೊ ಕಾಲ್ ಮಾಡಿ ಕೂತರು. ಸೆಟ್ಟಿಂಗ್ಸ್, ಆ್ಯಪ್ಸ್, ಕೆಂಪು ಡಬ್ಬಿಯ ಹೆಸರು, ಅನ್‌ಇನ್‌ಸ್ಟಾಲ್. 'ನಿಜವಾಗಿಯೂ ಹೋಗ್ತಿದ್ದೀರಾ? ಅರವತ್ತು ಪರ್ಸೆಂಟ್ ರಿಯಾಯಿತಿ ಕೊಡ್ತೀವಿ' ಅಂತ ಅದು ಎರಡು ಸಲ ಕೇಳಿತು. ರೀಸ್ಟಾರ್ಟ್ ಆದ ಮೇಲೆ ಗಡಿಯಾರದ ಪಕ್ಕದ ಸಣ್ಣ ಗುರಾಣಿಯಲ್ಲಿ ಹಸಿರು ಗುರುತು ಬಂತು. ಡಿಫೆಂಡರ್ ತಾನಾಗಿ ಎದ್ದು ಕೂತಿತ್ತು. ಐದು ನಿಮಿಷ ಬಿಟ್ಟು ಮತ್ತೆ ಫೋನ್: 'ಏನೂ ಬರ್ತಾನೇ ಇಲ್ವಲ್ಲ, ಕೆಲಸ ಮಾಡ್ತಿದೆ ಅಲ್ವಾ?'